ಡೊಂಬಿವಲಿಯಲ್ಲೊಂದು ಜಪಾನಿ ಛತ್ರ

ನಮ್ಮ ಡೊಂಬಿವಲಿಯ ಮನೆಯಲ್ಲಿ ಟೀವಿಯ ಪಕ್ಕ ಒಂದು ಪುಟ್ಟ ಮೇಜಿದೆ. ವರ್ಷಕ್ಕೊಮ್ಮೆ ಗಣಪತಿ ಕೂರುವ ಜಾಗ. ಉಳಿದ ದಿನಗಳಲ್ಲಿ ಹಳೆಯ ಪೇಪರು, ಲೈಟ್ ಬಿಲ್ಲು, ಅಪ್ಪಯ್ಯನ ಮಾತ್ರೆ ಡಬ್ಬಿ ಎಲ್ಲ ಅದರ ಮೇಲೆಯೇ. ಕಳೆದ ಮಳೆಗಾಲದಿಂದ ಅಲ್ಲೊಂದು ಜಪಾನಿ ಛತ್ರ ಬಂದು ಕೂತಿದೆ. ಒಂದು ಅಡಿ ಉದ್ದ, ಒಂಬತ್ತು ಇಂಚು ಅಗಲ, ಎರಡು ಮಹಡಿ. ಬಾಗಿಲಿಗೆ ನೀಲಿ ಬಟ್ಟೆಯ ಪರದೆ, ಒಳಗೆ ಚಾಪೆಯ ನೆಲ, ಕಾಗದದ ಕಿಟಕಿಗಳು. ಗುಂಡಿ ಒತ್ತಿದರೆ ಮೇಲಿನ ಕೋಣೆಯಲ್ಲಿ ದೀಪ ಹತ್ತುತ್ತದೆ.

ಅದನ್ನು ತಂದವಳು ಮಗಳು. ಪುಣೆಯಲ್ಲಿ ಜಪಾನಿ ಭಾಷೆ ಕಲಿತು, ಕಂಪನಿಯ ಕೆಲಸದ ಮೇಲೆ ನಾಗೋಯಾದಲ್ಲಿ ಆರು ತಿಂಗಳು ಇದ್ದು ಬಂದಳು. ಬರುವಾಗ ಅಜ್ಜನಿಗೊಂದು ಶಾಲು, ಅಮ್ಮನಿಗೆ ಚಹಾ ಪಾತ್ರೆ, ನನಗೆ ಈ ಪೆಟ್ಟಿಗೆ. "ಪಪ್ಪಾ, ರಿಟೈರ್ ಆದ್ಮೇಲೆ ಸುಮ್ನೆ ಕೂತ್ಕೊಂಡು ಟೀವಿಗೆ ಬೈತಾ ಇರ್ತೀರಿ. ಇದನ್ನ ಕಟ್ಟಿ" ಅಂದಳು. ಪೆಟ್ಟಿಗೆ ಬಿಚ್ಚಿದರೆ ಊದುಬತ್ತಿಗಿಂತ ತೆಳ್ಳಗಿನ ಮರದ ಕಡ್ಡಿಗಳು, ಲೇಸರಿನಲ್ಲಿ ಕೊರೆದ ಹಲಗೆಗಳು, ಒಂದು ಸುರುಳಿ ಬಿಳಿ ಕಾಗದ, ಚಾಪೆಯ ತುಂಡುಗಳು, ಮತ್ತು ಪೂರ್ತಿ ಜಪಾನಿಯಲ್ಲಿರುವ ಒಂದು ಕೈಪಿಡಿ. ಮನೆಯಾಕೆ ಒಂದೇ ಮಾತು ಹೇಳಿದಳು: "ಚೌತಿಗೆ ಮೊದ್ಲು ಮೇಜು ಖಾಲಿ ಆಗ್ಲಿಕ್ಕೇ ಬೇಕು ನೋಡಿ."

ಗೊಂಬೆಮನೆ ಅಂದರೆ ಮಕ್ಕಳ ಆಟ ಎಂದು ನಾನೂ ತಿಳಿದಿದ್ದೆ. ಆದರೆ ಯುರೋಪಿನಲ್ಲಿ ಇದು ಹುಟ್ಟಿದ್ದು ದೊಡ್ಡವರ ಷೋಕಿಯಾಗಿ. 1550ರ ದಶಕದ ಕೊನೆಯಲ್ಲಿ ಬವೇರಿಯಾದ ದೊರೆ ಐದನೆಯ ಆಲ್ಬ್ರೆಕ್ಟ್ ಮಾಡಿಸಿದ ಗೊಂಬೆಮನೆ ಬಹಳ ಹಳೆಯದರಲ್ಲಿ ಒಂದು. ಇಂಗ್ಲೆಂಡಿನ ರಾಣಿ ಮೇರಿಗಾಗಿ 1921ರಿಂದ 1924ರವರೆಗೆ ಒಂದು ಗೊಂಬೆಮನೆ ಕಟ್ಟಿದರು. ಅದರಲ್ಲಿ ನಲ್ಲಿ ತಿರುಗಿಸಿದರೆ ನೀರು, ಒತ್ತಿದರೆ ವಿದ್ಯುತ್ ದೀಪ. ವಿಂಡ್ಸರ್ ಅರಮನೆಯಲ್ಲಿ ಈಗಲೂ ಇದೆ. ಅದರ ನಕ್ಷೆ ಹಾಕಿದವರು ನಮ್ಮ ಹೊಸದಿಲ್ಲಿಯ ನಕ್ಷೆ ಹಾಕಿದ ಅದೇ ಲಟ್ಯೆನ್ಸ್ ಸಾಹೇಬರು. ಅತ್ತ ರಾಯಸೀನಾ ಗುಡ್ಡದ ಮೇಲೆ ವೈಸರಾಯ್‌ಗೆ ಅರಮನೆ, ಇತ್ತ ಒಂದಡಿಗೆ ಒಂದು ಇಂಚಿನ ಲೆಕ್ಕದಲ್ಲಿ ರಾಣಿಗೆ ಗೊಂಬೆಮನೆ. ನನ್ನ ಛತ್ರ ಅದರ ಅರ್ಧ. ಒಂದಡಿಗೆ ಅರ್ಧ ಇಂಚು. ಅಂದರೆ ಐದೂವರೆ ಅಡಿಯ ನಾನು ಇದರೊಳಗೆ ಹೊಕ್ಕರೆ ಎರಡೂಮುಕ್ಕಾಲು ಇಂಚಿನ ಆಳು.

ಮೊದಲ ವಾರ ಹೋದದ್ದು ಚಾಪೆ ಹಾಸುವುದರಲ್ಲಿ. ಜಪಾನಿನ ಮನೆಗೆ ಅಳತೆಗೋಲು ಈ ತತಾಮಿ ಚಾಪೆಯೇ. ಹುಲ್ಲು ತುಂಬಿದ ದಪ್ಪ ಹಾಸು, ಮೇಲೆ ಜೊಂಡಿನ ಹೆಣಿಗೆ, ಹೆಚ್ಚುಕಡಿಮೆ ಆರಡಿ ಉದ್ದ, ಮೂರಡಿ ಅಗಲ. ಒಬ್ಬ ಮನುಷ್ಯ ಮಲಗುವಷ್ಟು ಜಾಗ. ಕೋಣೆಯನ್ನು ಅವರು ಚದರಡಿಯಲ್ಲಿ ಹೇಳುವುದಿಲ್ಲ, ಆರು ಚಾಪೆಯ ಕೋಣೆ, ಎಂಟು ಚಾಪೆಯ ಕೋಣೆ ಎನ್ನುತ್ತಾರೆ. ನನ್ನ ಅಳತೆಯಲ್ಲಿ ಒಂದು ಚಾಪೆ ಮೂರು ಇಂಚು ಉದ್ದ, ಒಂದೂವರೆ ಇಂಚು ಅಗಲ. ಲೆಕ್ಕ ಸರಿ ಬಂತೆಂದು ಎಂಟನ್ನೂ ಸಾಲಾಗಿ ಫೆವಿಕಾಲ್ ಹಚ್ಚಿ ಅಂಟಿಸಿಬಿಟ್ಟೆ. ಮಗಳು ಶನಿವಾರ ಪುಣೆಯಿಂದ ಬಂದವಳು ನೋಡಿ, "ಅಯ್ಯೋ ಪಪ್ಪಾ, ನಾಲ್ಕು ಮೂಲೆ ಒಂದೇ ಕಡೆ ಸೇರಬಾರದು, ಅದು ಅಶುಭ" ಎಂದಳು. ಮತ್ತೆಲ್ಲ ಕಿತ್ತು, ಒಂದು ಅಡ್ಡ ಒಂದು ಉದ್ದ ಹಾಸಿದ್ದಾಯಿತು. ನಮ್ಮಲ್ಲೂ ದಕ್ಷಿಣಕ್ಕೆ ತಲೆ, ಉತ್ತರಕ್ಕೆ ತಲೆ ಅಂತ ಇಲ್ಲವೇ? ಅಶುಭ ಎಂದ ಮೇಲೆ ಅದು ಎರಡೂಮುಕ್ಕಾಲು ಇಂಚಿನವನಿಗೂ ಅಶುಭವೇ.

ಆಮೇಲೆ ಕಾಗದದ ಕಿಟಕಿ, ಶೋಜಿ. ಒಂದು ಮಿಲಿಮೀಟರಿನ ಕಡ್ಡಿಗಳನ್ನು ಚಿಮಟದಲ್ಲಿ ಹಿಡಿದು ಜಾಲರಿ ಮಾಡಿ, ಹಿಂದೆ ಕಾಗದ ಅಂಟಿಸಬೇಕು. ಜುಲೈ ತಿಂಗಳ ಮುಂಬಯಿ ಗಾಳಿಯಲ್ಲಿ ಕಾಗದ ಮಳೆಯಲ್ಲಿ ನೆನೆದ ಹಪ್ಪಳದ ಹಾಗೆ ಜೋತು ಬಿತ್ತು. ಜಪಾನಿನವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಕಾಗದದ ಮೇಲೆ ತೆಳ್ಳಗೆ ನೀರು ಚಿಮುಕಿಸಿ ಒಣಗಲು ಬಿಟ್ಟರೆ ಅದು ಮದ್ದಳೆಯ ಚರ್ಮದಂತೆ ಬಿಗಿಯಾಗುತ್ತದೆ. ಇಸ್ತ್ರಿಗೆ ಇಟ್ಟ ನೀರಿನ ಬಾಟಲಿಯಿಂದ ಚಿಮುಕಿಸಿ, ಫ್ಯಾನಿನ ಕೆಳಗಿಟ್ಟು ಕಾದೆ. ನಿಜವಾಗಿಯೂ ಬಿಗಿಯಾಯಿತು.

ಈ ಕಾಯುವ ಹೊತ್ತಿನಲ್ಲಿಯೇ ನಾನು ಕೈಪಿಡಿಯ ಮೊದಲ ಪುಟದ ಮೇಲಿನ ಒಂದು ಶಬ್ದದ ಹಿಂದೆ ಬಿದ್ದದ್ದು. ಈಗಿನ ಜಪಾನಿನಲ್ಲಿ ಇಂಥ ಹಳೆಯ ಮಾದರಿಯ ವಸತಿಗೃಹಕ್ಕೆ ರ್ಯೋಕಾನ್ ಎನ್ನುತ್ತಾರೆ. ಕೈಪಿಡಿಯಲ್ಲಿದ್ದದ್ದು 'ಹತಾಗೊ' ಎಂಬ ಹಳೆಯ ಶಬ್ದ. ಮೂಲದಲ್ಲಿ ಅದು ಪ್ರಯಾಣದಲ್ಲಿ ಕುದುರೆಯ ಮೇವು ಹೊರುವ ಬುಟ್ಟಿಯ ಹೆಸರಂತೆ. ಆಮೇಲೆ ಪ್ರಯಾಣಿಕನ ಬುತ್ತಿಯ ಬುಟ್ಟಿಗೂ, ಕೊನೆಗೆ ಊಟ ಹಾಕಿ ಮಲಗಲು ಜಾಗ ಕೊಡುವ ಮನೆಗೂ ಅದೇ ಹೆಸರು ಬಂತು. ಬುತ್ತಿ ಹೋಗಿ ಹೋಟೆಲಾದ ಕತೆ. ಮುಂಬಯಿ ಕನ್ನಡಿಗನಿಗೆ ಇದಕ್ಕಿಂತ ಬೇರೆ ಕುತೂಹಲ ಬೇಕೆ?

ಜಪಾನಿನಲ್ಲಿ ವಸತಿಗೃಹಗಳು ಬಹಳ ಹಳೆಯವು. ಯಾಮಾನಾಶಿ ಪ್ರಾಂತ್ಯದ ಕೇಯುನ್‌ಕಾನ್ ಎಂಬ ಬಿಸಿನೀರಿನ ಬುಗ್ಗೆಯ ಛತ್ರ ತನ್ನ ಹುಟ್ಟನ್ನು 705ನೇ ಇಸವಿಗೆ ಹೇಳಿಕೊಳ್ಳುತ್ತದೆ. ಆ ಹೊತ್ತಿಗೆ ನಮ್ಮ ಕಡೆ ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು. ಆದರೆ ರಸ್ತೆಯುದ್ದಕ್ಕೂ ಸಾಲು ಹಿಡಿದು ಛತ್ರಗಳು ಹುಟ್ಟಿದ್ದು 17ನೇ ಶತಮಾನದಲ್ಲಿ. 1601ರಲ್ಲಿ ತೊಕುಗಾವಾ ಇಯೆಯಾಸು ಎಡೊ ಪಟ್ಟಣದಿಂದ, ಅಂದರೆ ಈಗಿನ ಟೋಕಿಯೋದಿಂದ, ಕ್ಯೋಟೊಗೆ ಹೋಗುವ ತೊಕಾಯ್ಡೊ ಎಂಬ ಕರಾವಳಿ ದಾರಿಯಲ್ಲಿ ಠಾಣ್ಯದ ಊರುಗಳನ್ನು ಗೊತ್ತುಮಾಡಲು ಶುರುಮಾಡಿದ. ಸುಮಾರು 490 ಕಿಲೋಮೀಟರ್, ಒಟ್ಟು 53 ಊರುಗಳು. ನಡೆದರೆ ಎರಡು ವಾರದ ದಾರಿ. ಮುಂದೆ ಪ್ರತಿ ಊರೂ ಸರಕಾರದ ಕೆಲಸಕ್ಕೆ 100 ಆಳು, 100 ಕುದುರೆ ಸಿದ್ಧ ಇಟ್ಟಿರಬೇಕೆಂದು ಕಟ್ಟಪ್ಪಣೆಯಾಯಿತು.

ಈ ದಾರಿಯಲ್ಲಿ ಜನ ತುಂಬಿದ್ದು ಯಾತ್ರೆಗಾಗಿ, ವ್ಯಾಪಾರಕ್ಕಾಗಿ ಮಾತ್ರವಲ್ಲ. 1635ರಲ್ಲಿ ಶೋಗನ್ ಇಯೆಮಿತ್ಸು ಒಂದು ಕಾನೂನು ಮಾಡಿದ. ಪ್ರಾಂತ್ಯಗಳ ಪಾಳೇಗಾರರು, ಡೈಮ್ಯೊಗಳು, ಸಾಮಾನ್ಯವಾಗಿ ಒಂದು ವರ್ಷ ತಮ್ಮ ಊರಿನಲ್ಲಿದ್ದರೆ ಮುಂದಿನ ವರ್ಷ ಎಡೊದಲ್ಲಿ ಶೋಗನ್ನನ ಕಣ್ಣೆದುರಿಗಿರಬೇಕು. ಹೆಂಡತಿ, ಮಕ್ಕಳು ಮಾತ್ರ ಸದಾ ಎಡೊದಲ್ಲೇ. ಒತ್ತೆಯಾಳು ಎಂಬ ಶಬ್ದ ಬಳಸದೆ ಒತ್ತೆ ಇಟ್ಟುಕೊಳ್ಳುವ ಜಾಣತನ. ದಂಗೆ ಏಳಬೇಕೆಂದರೆ ಹೆಂಡತಿ ಮಕ್ಕಳು ಅಲ್ಲಿ, ದುಡ್ಡೆಲ್ಲ ಓಡಾಟದ ಖರ್ಚಿಗೆ. ಕಾಗಾ ಪ್ರಾಂತ್ಯದ ಮಾಯೆದಾ ಮನೆತನದ ದಿಬ್ಬಣದಲ್ಲಿ 2,000ಕ್ಕೂ ಹೆಚ್ಚು ಜನ ಇರುತ್ತಿದ್ದರು. ತೊಕಾಯ್ಡೊ ದಾರಿಯ ಹಕೊನೆ ಘಾಟಿನಲ್ಲಿ ಒಂದು ತಪಾಸಣೆಯ ಚೌಕಿ. ಅಲ್ಲಿನ ಕಾವಲುಗಾರರು ಮುಖ್ಯವಾಗಿ ನೋಡುತ್ತಿದ್ದದ್ದು ಎಡೊ ಬಿಟ್ಟು ಹೊರಗೆ ಹೋಗುವ ಹೆಂಗಸರನ್ನು. ವೇಷ ಬದಲಿಸಿ ತವರಿಗೆ ಓಡುವ ಡೈಮ್ಯೊನ ಹೆಂಡತಿ ಇರಬಹುದೇ ಎಂದು.

ಹೀಗೆ ಊರು ಬಿಟ್ಟವರನ್ನೇ ನೆಚ್ಚಿಕೊಂಡು ಬೆಳೆದ ದಾರಿ ಅದು. ಅಲ್ಲಿ ಮಲಗುವುದರಲ್ಲೂ ಮೇಲುಕೀಳು ಇತ್ತು. ಡೈಮ್ಯೊಗಳಿಗೆ, ಆಸ್ಥಾನದವರಿಗೆ ಹೊಂಜಿನ್ ಎಂಬ ದೊಡ್ಡ ಮನೆ. ಸಾಮಾನ್ಯ ಪ್ರಯಾಣಿಕರಿಗೆ ಹತಾಗೊ, ರಾತ್ರಿ ಊಟ ಮತ್ತು ಬೆಳಗಿನ ಊಟ ಸೇರಿ ಒಂದು ದರ. ಅದಕ್ಕೂ ಗತಿಯಿಲ್ಲದವರಿಗೆ ಕಿಚಿನ್‌ಯಾದೊ. 'ಕಿಚಿನ್' ಅಂದರೆ ಸೌದೆಯ ಕಾಸು. ಅಕ್ಕಿ ನಿಮ್ಮದೇ, ಬೇಯಿಸುವುದೂ ನೀವೇ, ಒಲೆ ಸೌದೆಗೆ ಮಾತ್ರ ದುಡ್ಡು. ಅಂಥ ಪಟ್ಟಣಗಳಲ್ಲಿ ದೊಡ್ಡದು ಮಿಯಾ. 1843ರ ಸರಕಾರಿ ಲೆಕ್ಕದಂತೆ ಅಲ್ಲಿ 248 ಹತಾಗೊಗಳಿದ್ದವು. ಆ ಮಿಯಾ ಈಗ ಮಗಳು ಆರು ತಿಂಗಳಿದ್ದ ನಾಗೋಯಾ ನಗರದ ಒಳಗೇ ಸೇರಿಹೋಗಿದೆ. ಅವಳಿಗೆ ಹೇಳಿದರೆ, "ಹೌದಾ? ನಾನು ಆ ಸ್ಟೇಷನ್ನಿನಲ್ಲಿ ದಿನಾ ಟ್ರೇನ್ ಬದಲಾಯಿಸ್ತಿದ್ದೆ" ಎಂದು ಕಣ್ಣರಳಿಸಿದಳು.

ಇದನ್ನೆಲ್ಲ ನಾನು ಅಪ್ಪಯ್ಯನಿಗೆ ಓದಿ ಹೇಳುತ್ತಿದ್ದೆ. ಅಪ್ಪಯ್ಯನಿಗೆ 82 ವರ್ಷ. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ದಿನವೂ ತಿಂಡಿ ಮುಗಿಸಿ ನನ್ನೆದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಸೌದೆಕಾಸಿನ ಛತ್ರದ ಸಂಗತಿ ಕೇಳಿ ನಕ್ಕರು. ನಾನು ಮೆಟ್ಟಿಲು ಅಂಟಿಸಿ, ಅಡುಗೆಮನೆಗೆ ಮಣ್ಣಿನ ಒಲೆ ಕೂರಿಸಿ, ಬಚ್ಚಲಿಗೆ ಮರದ ಹಂಡೆ ಇಟ್ಟ ದಿನ ಅವರು ಬಗ್ಗಿ, ಒಂದೊಂದೇ ಕೋಣೆ ನೋಡಿ, ಕುಂದಾಪುರದ ಮಾತಿನಲ್ಲಿ ಕೇಳಿದರು: "ಇದ್ರಲ್ಲ್ ಮಾಣಿಗಳ್ ಎಲ್ಲ್ ಮನಿಕಂಬ್ದಾ?"

ನಾನು ಕೈಪಿಡಿ ತಿರುವಿದೆ. ಅತಿಥಿಗೆ ಎರಡು ಕೋಣೆ, ಒಂದು ಆರು ಚಾಪೆ, ಒಂದು ಎಂಟು ಚಾಪೆ. ಚಪ್ಪಲಿ ಬಿಡಲು ತಗ್ಗಿನ ಜಾಗ. ಒಂದು ಚಿತ್ರಪಟ, ಒಂದು ಹೂವು ಇಡಲು ಗೋಡೆಯಲ್ಲಿ ಗೂಡು. ದೀಪಕ್ಕೆ, ಛತ್ರಿಗೆ, ಚಹಾ ಬಟ್ಟಲಿಗೆ ಎಲ್ಲಕ್ಕೂ ಜಾಗವಿತ್ತು. ಮಾಣಿಗೆ ಇರಲಿಲ್ಲ.

ಅಪ್ಪಯ್ಯ ಈ ಪ್ರಶ್ನೆ ಕೇಳಿದ್ದಕ್ಕೆ ಕಾರಣವಿದೆ. 1955ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಊರಿನವರೊಬ್ಬರ ಜೊತೆ ಘಟ್ಟ ಹತ್ತಿ ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ರೈಲಿನಲ್ಲಿ ಅವರು ಮುಂಬಯಿ ಸೇರಿದ್ದು. ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಮೊದಲು ಟೇಬಲ್ ಒರೆಸುವ ಮಾಣಿ, ಆಮೇಲೆ ಸಪ್ಲೈಯರ್. ರಾತ್ರಿ ಕನ್ನಡ ಶಾಲೆ. ಹನ್ನೊಂದು ಗಂಟೆಗೆ ಬಾಗಿಲು ಹಾಕಿದ ಮೇಲೆ ಟೇಬಲ್ಲುಗಳನ್ನು ಜೋಡಿಸಿ ಅದರ ಮೇಲೆ ನಿದ್ದೆ. ನಾಲ್ಕಕ್ಕೆ ಭಟ್ಟರು ಒಲೆ ಹಚ್ಚುವ ಹೊತ್ತಿಗೆ ಏಳಬೇಕು. ಹೀಗೆಯೇ ಎಸ್.ಎಸ್.ಸಿ. ಮಾಡಿ ಒಂದು ಮಿಲ್ಲಿನಲ್ಲಿ ಗುಮಾಸ್ತೆಯಾದರು. ನಮಗೆ ಗೊತ್ತಿದ್ದದ್ದು ಇಷ್ಟೇ.

ಊರಿನ ಓದುಗರಿಗೆ ಉಡುಪಿ ಹೋಟೆಲೆಂದರೆ ದೋಸೆ, ಕಾಫಿ. ಮುಂಬಯಿಗೆ ಬಂದ ಕರಾವಳಿಯ ಹುಡುಗರಿಗೆ ಅದು ಅನ್ನ, ಹಾಸಿಗೆ, ಶಾಲೆಯ ದಾರಿ ಎಲ್ಲ ಆಗಿತ್ತು. ಒಂಟಿಯಾಗಿ ಬಂದು ಕಚೇರಿಗಳಲ್ಲಿ ದುಡಿಯುತ್ತಿದ್ದ ದಕ್ಷಿಣದವರಿಗೆ ಊಟದ ಆಸರೆಯೂ ಅದೇ. 1942ರಲ್ಲಿ ರಾಮ ನಾಯಕರು ಮಾಟುಂಗಾದಲ್ಲಿ ಶುರುಮಾಡಿದ ಊಟದ ಮನೆಯ ಹೆಸರಿನಲ್ಲಿಯೇ 'ಬೋರ್ಡಿಂಗ್' ಎಂದಿದೆ. ಬಾಳೆ ಎಲೆ, ಬಿಸಿ ಅನ್ನ, ಊರಿನ ಸಾರು. ಅತಿಥಿಗೆ ಮನೆ ನೆನಪಾಗುವಂತೆ ಬಡಿಸುವವನ ಮನೆ ಎಲ್ಲಿದೆ ಎಂದು ಕೇಳಿದವರು ಕಡಿಮೆ. ಹತಾಗೊ ಕತೆಯೂ ಅದೇ ಎಂದು ನನಗೆ ತಿಳಿದದ್ದು ಅಪ್ಪಯ್ಯನ ಪ್ರಶ್ನೆಯಿಂದ.

ಅದಕ್ಕೆ ಉತ್ತರ ಹುಡುಕುತ್ತ ಹಿರೋಶಿಗೆಯ ಚಿತ್ರಗಳಿಗೆ ಬಂದೆ. ತೊಕಾಯ್ಡೊ ದಾರಿಯ 53 ಠಾಣ್ಯಗಳನ್ನು ಆತ 1833-34ರಲ್ಲಿ ಮರದ ಅಚ್ಚಿನ ಚಿತ್ರಗಳಾಗಿ ತಂದ. ಗೋಯು ಎಂಬ ಊರಿನ ಚಿತ್ರದಲ್ಲಿ ಸಂಜೆಯಾಗಿದೆ. ಬೀದಿಯಲ್ಲಿ ಹೆಂಗಸರು ದಾರಿಹೋಕರ ಮೂಟೆಗೆ, ಕೊರಳಿಗೆ ಕೈ ಹಾಕಿ ತಮ್ಮ ಛತ್ರದ ಕಡೆಗೆ ಎಳೆಯುತ್ತಿದ್ದಾರೆ. ನೋಡಿದರೆ ನಗು ಬರುತ್ತದೆ. ಗೋಯುವಿನಿಂದ ಮುಂದಿನ ಠಾಣ್ಯ ಅಕಾಸಾಕಾಗೆ ಎರಡು ಕಿಲೋಮೀಟರೂ ಇಲ್ಲ, ಗಿರಾಕಿ ತಪ್ಪಿದರೆ ಪಕ್ಕದ ಊರಿನ ಪಾಲು. ಅಕಾಸಾಕಾದ ಚಿತ್ರದಲ್ಲಿ ಛತ್ರದ ಒಳಭಾಗ. ಒಂದು ಕಡೆ ಅತಿಥಿ ಹಾಯಾಗಿ ಮಲಗಿದ್ದಾನೆ, ಕೆಲಸದವಳು ಊಟದ ತಟ್ಟೆ ತರುತ್ತಿದ್ದಾಳೆ. ಇನ್ನೊಂದು ಕಡೆ ಕೋಣೆಯಲ್ಲಿ ಹೆಂಗಸರು ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಿದ್ದಾರೆ.

ಇವರ ಹೆಸರು ಮೆಶಿಮೊರಿ ಒನ್ನಾ. ಶಬ್ದಾರ್ಥ 'ಅನ್ನ ಬಡಿಸುವ ಹೆಂಗಸು'. ಅನ್ನ ಬಡಿಸುವುದು ನೆಪಕ್ಕೆ, ರಾತ್ರಿ ಅತಿಥಿಗಳಿಗೆ ಮೈ ಒಪ್ಪಿಸುವುದು ನಿಜವಾದ ಕೆಲಸ. ಬಡ ರೈತರು ಕಂದಾಯ ಕಟ್ಟಲಾರದೆ, ಬರಗಾಲ ತಾಳಲಾರದೆ ಮಗಳ ಮೇಲೆ ಮುಂಗಡ ಹಣ ಪಡೆದು ಇಷ್ಟು ವರ್ಷಕ್ಕೆಂದು ಛತ್ರಕ್ಕೆ ಬರೆದುಕೊಡುತ್ತಿದ್ದರು. 1718ರಲ್ಲಿ ಸರಕಾರ ಒಂದು ಛತ್ರಕ್ಕೆ ಇಬ್ಬರಿಗಿಂತ ಹೆಚ್ಚು ಇರಬಾರದು ಎಂದು ನಿಯಮ ಮಾಡಿತು. ನಿಲ್ಲಿಸಲಿಲ್ಲ, ಎಣಿಸಿತು. ಠಾಣ್ಯಗಳ ಆದಾಯಕ್ಕೆ ಅವರು ಬೇಕಾಗಿದ್ದರು. 1872ರಲ್ಲಿ ಮೇಯ್‌ಜಿ ಸರಕಾರ ಇಂಥ ಕರಾರುಗಳನ್ನು ರದ್ದುಮಾಡಿ ಬಿಡುಗಡೆಯ ಆಜ್ಞೆ ಹೊರಡಿಸಿತು. ಕಾಗದದ ಮೇಲೆ ಬಿಡುಗಡೆಯಾಯಿತು, ಬಡತನ ಹಾಗೇ ಉಳಿಯಿತು, ದಂಧೆ ಬೇರೆ ಹೆಸರಿನಲ್ಲಿ ನಡೆಯಿತು.

ಛತ್ರಗಳ ಹೊರೆ ಹೊತ್ತವರು ಅವರಷ್ಟೇ ಅಲ್ಲ. ಠಾಣ್ಯದ 100 ಆಳು, 100 ಕುದುರೆ ಸಾಲದಾದಾಗ ಸುತ್ತಲ ಹಳ್ಳಿಗಳಿಂದ ಬಿಟ್ಟಿ ಎಳೆಯುವ ಪದ್ಧತಿ ಇತ್ತು. ಕೊಯ್ಲಿನ ಕಾಲದಲ್ಲೂ ಗದ್ದೆ ಬಿಟ್ಟು ಡೈಮ್ಯೊನ ಪೆಟ್ಟಿಗೆ ಹೊರಬೇಕು. ಇನ್ನೊಂದು ಹೆದ್ದಾರಿಯಾದ ನಕಾಸೆಂಡೊದ ಹಳ್ಳಿಗಳ ಮೇಲೆ ಈ ಹೊರೆ ಇನ್ನೂ ಹೆಚ್ಚಿಸಲು ಹೊರಟಾಗ, 1764ರ ಕೊನೆಯಲ್ಲಿ ಸಾವಿರಾರು ರೈತರು ದಂಗೆ ಎದ್ದರು. ಸರಕಾರ ಹಿಂದೆಗೆಯಬೇಕಾಯಿತು.

ಮೆಶಿಮೊರಿಯ ಸಂಗತಿ ಅಪ್ಪಯ್ಯನೆದುರು ಹೇಳುವುದೋ ಬೇಡವೋ ಎಂದು ಎರಡು ದಿನ ಅನುಮಾನಿಸಿದೆ. ಕೊನೆಗೆ ಸೂಕ್ಷ್ಮವಾಗಿ ಹೇಳಿದೆ. ತಂದೆ ದುಡ್ಡು ತಗೊಂಡು ಮಗಳನ್ನ ಇಷ್ಟು ವರ್ಷ ಅಂತ ಬಿಟ್ಟು ಹೋಗ್ತಿದ್ದ ಎಂದೆ. ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತತಾಮಿಯ ತುಂಡೊಂದನ್ನು ಬೆರಳಿನಲ್ಲಿ ಹೊರಳಿಸುತ್ತ ಹೇಳಿದರು. 1955ರಲ್ಲಿ ನಮ್ಮಜ್ಜ ಹೋಟೆಲಿನ ಧಣಿಯ ಕಡೆಯವರಿಂದ ಎರಡು ವರ್ಷದ ಸಂಬಳ ಮುಂಗಡ ತೆಗೆದುಕೊಂಡಿದ್ದರಂತೆ. ಮನೆಯ ಮಾಡಿಗೆ ಹೆಂಚು ಹೊದೆಸಲು. ಹಾಗಾಗಿ ಅಪ್ಪಯ್ಯ ಎರಡು ವರ್ಷ ಕೈಗೆ ಒಂದು ಕಾಸಿಲ್ಲದೆ ದುಡಿದರು. ಜ್ವರ ಬಂದರೂ ಊರಿಗೆ ಹೋಗುವ ಹಾಗಿರಲಿಲ್ಲ. ಅಜ್ಜ ತೀರಿಹೋಗಿ ಐವತ್ತು ವರ್ಷ ಆಗಿದೆ. ಈ ಮಾತು ಅಮ್ಮನಿಗೂ ಗೊತ್ತಿರಲಿಲ್ಲ. "ಬೇಜಾರಿಲ್ಲ ಮಾರಾಯಾ, ಮಾಡು ಸೋರ್ತಿತ್ತಲ್ಲ" ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಪ್ಪಯ್ಯನಿಗೆ ಎರಡು ವರ್ಷದ ಆಚೆ ಶಾಲೆ ಇತ್ತು, ಮಿಲ್ಲು ಇತ್ತು, ಮದುವೆ ಇತ್ತು. ಗೋಯುವಿನ ಆ ಹುಡುಗಿಯರಲ್ಲಿ ಕರಾರು ಮುಗಿಯುವ ಮೊದಲೇ ರೋಗ ಹತ್ತಿ ಸತ್ತವರು ಎಷ್ಟೋ. ಆದರೆ ಮೂರು ತಲೆಮಾರಿನ ನಮ್ಮ ಮುಂಬಯಿ ವಾಸ ಒಂದು ಮುಂಗಡದಿಂದ ಶುರುವಾದದ್ದು ಎಂದು ನನಗೆ ಗೊತ್ತಾಗಲು, ನಾಗೋಯಾದಿಂದ ಒಂದು ಆಟದ ಪೆಟ್ಟಿಗೆ ಬರಬೇಕಾಯಿತು.

ಹತಾಗೊಗಳ ಕಾಲ ಮುಗಿದದ್ದು ಬೇಗ. 1862ರಲ್ಲಿ ಡೈಮ್ಯೊಗಳ ಓಡಾಟದ ಕಾನೂನು ಸಡಿಲವಾಯಿತು, 1870ರ ದಶಕದ ಆರಂಭದಲ್ಲಿ ಠಾಣ್ಯಗಳ ವ್ಯವಸ್ಥೆಯೇ ರದ್ದಾಯಿತು. 1889ರಲ್ಲಿ ತೊಕಾಯ್ಡೊ ರೈಲು ಮಾರ್ಗ ಪೂರ್ತಿಯಾದಾಗ ಎರಡು ವಾರದ ದಾರಿ ಒಂದು ದಿನದೊಳಗೆ ಬಂತು. 1964ರ ಅಕ್ಟೋಬರ್ 1ರಂದು ಅದೇ ದಿಕ್ಕಿನಲ್ಲಿ ಬುಲೆಟ್ ಟ್ರೇನ್ ಹೊರಟಿತು. ನಡುವೆ ಮಲಗುವವರೇ ಇಲ್ಲದ ಮೇಲೆ ಛತ್ರ ಯಾರಿಗೆ? ನಮಗೂ 1998ರಲ್ಲಿ ಕೊಂಕಣ ರೈಲು ಬಂದ ಮೇಲೆ ಕುಂದಾಪುರ ಒಂದು ರಾತ್ರಿಯ ದಾರಿಯಾಯಿತು. ಅಪ್ಪಯ್ಯ ಘಟ್ಟ ಹತ್ತಿ ಬಂದ ದಾರಿ ನಮ್ಮ ಮನೆಯಲ್ಲಿ ಈಗ ಬರೀ ಕತೆ.

ನಕಾಸೆಂಡೊ ದಾರಿಯ ತ್ಸುಮಾಗೊ ಎಂಬ ಊರಿನವರು ಮಾತ್ರ ಬೇರೆ ದಾರಿ ಹಿಡಿದರು. ರೈಲು ತಪ್ಪಿ ಊರು ಬಡವಾಗಿ, ಹೊಸದಾಗಿ ಕಟ್ಟಲು ದುಡ್ಡಿಲ್ಲದೆ ಹಳೆಯ ಮನೆಗಳು ಹಾಗೇ ಉಳಿದಿದ್ದವು. 1968ರಲ್ಲಿ ಅವುಗಳನ್ನು ದುರಸ್ತಿ ಮಾಡಲು ತೊಡಗಿ, 1971ರಲ್ಲಿ ಊರವರೇ ಸೇರಿ ಮೂರು ಮಾತಿನ ಕಟ್ಟಳೆ ಮಾಡಿಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. 1976ರಲ್ಲಿ ಸರಕಾರ ರಕ್ಷಿತ ಪ್ರದೇಶಗಳನ್ನು ಮೊದಲ ಬಾರಿಗೆ ಆರಿಸಿದಾಗ ತ್ಸುಮಾಗೊ ಅದರಲ್ಲಿತ್ತು. ಇಂಥ ಊರುಗಳ ಚೆಂದ ನೋಡಿಯೇ ನನ್ನ ಪೆಟ್ಟಿಗೆಯಂಥವು ಹುಟ್ಟಿದ್ದು. ಮರ, ಕಾಗದ, ದೀಪ ಎಲ್ಲ ಅವುಗಳಲ್ಲಿ ಸರಿಯಾಗಿಯೇ ಬರುತ್ತದೆ. ಅನ್ನ ಬಡಿಸಿದವಳು ಬರುವುದಿಲ್ಲ.

ಚೌತಿಗೆ ನಾಲ್ಕು ದಿನ ಇರುವಾಗ ಮಾಡಿನ ಹಲಗೆ ಕೂರಿಸುವುದು ಮಾತ್ರ ಬಾಕಿ ಇತ್ತು. ನಾನು ಮೊದಲು ತಪ್ಪಾಗಿ ಅಂಟಿಸಿ ಕಿತ್ತದ್ದರಲ್ಲಿ ಹಾಳಾಗಿ, ಬದಲಿಗೆ ಹೊಸದು ಹಾಕಿದ್ದರಿಂದ, ಒಂದು ತತಾಮಿ ಉಳಿದಿತ್ತು. ಅಂಚು ಸ್ವಲ್ಪ ಹರಿದಿದೆ, ಮೂರು ಇಂಚು ಉದ್ದ, ಒಂದೂವರೆ ಇಂಚು ಅಗಲ. ಮಿಕ್ಕ ಕಡ್ಡಿಯಲ್ಲಿ ತಲೆದಿಂಬಿನ ಹಾಗೆ ಒಂದು ತುಂಡು ಕತ್ತರಿಸಿ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ಚಿಮಟದಲ್ಲಿ ಹಿಡಿದು, ಬಾಗಿಲ ಬಳಿ ಲೆಕ್ಕದ ಪೆಟ್ಟಿಗೆ ಇರುವಲ್ಲಿ ಮೆಟ್ಟಿಲ ಕೆಳಗೆ ಹಾಸಲು ಹೋದೆ.

ಅಪ್ಪಯ್ಯ ಕುರ್ಚಿಯಿಂದ ಕೈ ಚಾಚಿ ತಡೆದರು.

"ಗಲ್ಲಾ ಹತ್ರ ಬ್ಯಾಡ. ಒಲೆ ಹತ್ರ ಇಡ್. ಮಳೆಗಾಲ್ದಲ್ಲ್ ಬೆಚ್ಗಿರತ್ತ್."